ಸಾಣೆಯ ಧೂಳು

ಅಮೆರಿಕ ದೇಶದ ಪಶ್ಚಿಮ ಭಾಗದಲ್ಲಿ, ಆರೆಗಾನ್ ಮತ್ತು ಐಡಾಹೊ ರಾಜ್ಯಗಳು ಕೂಡುವೆಡೆ, ಒವೈಹೀ ಎಂಬ ಒಣನಾಡೊಂದಿದೆ. ಮಳೆ ಅಲ್ಪ, ಮರಗಳು ವಿರಳ. ಬೂದು ಬಣ್ಣದ ಕುರುಚಲು ಪೊದೆಗಳು ಮೈಲುಗಟ್ಟಲೆ ಹಬ್ಬಿ ನಿಂತಿವೆ. ರಜೆಯ ದಿನಗಳಲ್ಲಿ ಈ ಬರಡು ಗುಡ್ಡಗಳ ಮೇಲೆ ಕೆಲವು ಸ್ತ್ರೀಪುರುಷರು ತಲೆ ತಗ್ಗಿಸಿ ಮೆಲ್ಲಮೆಲ್ಲನೆ ನಡೆಯುವುದನ್ನು ಕಾಣಬಹುದು. ದೂರದಿಂದ ನೋಡುವವರಿಗೆ ಈರ್ಯಾಸಮಿತಿಯನ್ನು ಪಾಲಿಸುತ್ತ ವಿಹರಿಸುವ ಮುನಿಗಳ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಇವರು ನೆಲವನ್ನು ನೋಡುವುದು ಜೀವಿಗಳನ್ನು ಕಾಯುವುದಕ್ಕಲ್ಲ, ಕಲ್ಲನ್ನು ಹುಡುಕುವುದಕ್ಕೆ. ಕೈಯಲ್ಲಿ ಸುತ್ತಿಗೆ, ಬೆನ್ನಿಗೆ ಚೀಲ, ಜೊತೆಗೊಂದು ನೀರಿನ ಸೀಸೆ. ಆ ನೀರು ಬಾಯಾರಿಕೆಗೆ ಮಾತ್ರವಲ್ಲ. ಧೂಳು ಹಿಡಿದ ಮಾಸಲು ಕಲ್ಲೊಂದನ್ನು ಎತ್ತಿ ಅದರ ಮೇಲೆ ಒಂದಿಷ್ಟು ನೀರು ಚಿಮುಕಿಸಿದರೆ ಒಳಗಿನ ಕೆಂಪು, ಹಳದಿ, ಹಸಿರು, ಕಂದು ಛಾಯೆಗಳು ಕ್ಷಣಕಾಲ ಎದ್ದು ಕಾಣುತ್ತವೆ. ಸಾಣೆ ಹಿಡಿದ ಮೇಲೆ ಅದು ಹೇಗೆ ಹೊಳೆದೀತೆಂಬುದರ ಮುನ್ಸೂಚನೆ ಅದು. ನೀರು ಆರಿದೊಡನೆ ಕಲ್ಲು ಮತ್ತೆ ಮಾಸಲು. ಸೀಸೆಯನ್ನು ಮನೆಯಲ್ಲಿ ಮರೆತು ಬಂದವರು ನಾಲಗೆಯಿಂದಲೇ ನೆಕ್ಕಿ ನೋಡುವುದೂ ಉಂಟು. ಆ ಮಂಡಲಿಯಲ್ಲಿ ಅದು ಲಜ್ಜೆಯ ವಿಷಯವಲ್ಲ.

ಇವರು ಹುಡುಕುವ ಕಲ್ಲಿನ ಹೆಸರು ಜಾಸ್ಪರ್. ಬೆಣಚುಕಲ್ಲಿನ ದ್ರವ್ಯವಾದ ಸಿಲಿಕಾ ಅತಿಸೂಕ್ಷ್ಮ ಹರಳುಗಳಾಗಿ ಒತ್ತೊತ್ತಾಗಿ ಕೂಡಿ, ಅದರೊಳಗೆ ಕಬ್ಬಿಣದ ಆಕ್ಸೈಡು ಮೊದಲಾದ ಅನ್ಯದ್ರವ್ಯಗಳು ಬೆರೆತು, ಬೆಳಕು ಹಾಯದಂತಾದಾಗ ಅದು ಜಾಸ್ಪರ್ ಎನಿಸಿಕೊಳ್ಳುತ್ತದೆ. ಬೆಳಕು ಸ್ವಲ್ಪಮಟ್ಟಿಗೆ ಹಾಯುವ ಅದರ ಸೋದರನೇ ಅಗೇಟು. ಹಿಂದಿ, ಗುಜರಾತಿ ಭಾಷೆಗಳಲ್ಲಿ ಅಕೀಕ್. ಕಾವಿಮಣ್ಣಿಗೆ ಕೆಂಪನ್ನು ಕೊಡುವ ದ್ರವ್ಯವೇ ಜಾಸ್ಪರಿಗೂ ಕೆಂಪನ್ನು ಕೊಡುತ್ತದೆ. ಶುದ್ಧ ಸ್ಫಟಿಕಕ್ಕೆ ಬಣ್ಣವಿಲ್ಲ. ಬಣ್ಣವೆಲ್ಲ ಪರದ್ರವ್ಯದ ಸಂಯೋಗದಿಂದ ಬಂದದ್ದು. ಸಮಯಸಾರದ ಸ್ಫಟಿಕಮಣಿಯ ದೃಷ್ಟಾಂತವನ್ನು ಸ್ವಾಧ್ಯಾಯದಲ್ಲಿ ಕೇಳಿ ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಒವೈಹೀ ಸೀಮೆಯ ಜಾಸ್ಪರ್ ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಗಳ ಕೊಡುಗೆ. ಲಾವಾ ಮತ್ತು ಬೂದಿಯ ಪದರಗಳ ಬಿರುಕುಗಳಲ್ಲಿ ಸಿಲಿಕಾ ಕರಗಿದ ನೀರು ಇಳಿದು ನಿಧಾನವಾಗಿ ಹೆಪ್ಪುಗಟ್ಟಿತು. ಐಡಾಹೊದ ಬ್ರೂನೋ ನದಿಯ ಕಮರಿಯಲ್ಲಿ ದೊರೆಯುವುದು ಬ್ರೂನೋ ಜಾಸ್ಪರ್. ಒವೈಹೀ ನದಿಯ ಕಣಿವೆಯಲ್ಲಿ ನೆಲೆಸಿದ್ದ ಮಾರಿಸನ್ ಎಂಬಾತನ ಹೆಸರನ್ನು ಹೊತ್ತದ್ದು ಮಾರಿಸನೈಟ್. ಕೊಲಂಬಿಯಾ ನದಿಯ ಸಮೀಪದ ಬಿಗ್ಸ್ ಎಂಬಲ್ಲಿ 1964ರ ಮಹಾಪೂರವು ಹಳ್ಳದ ತಳವನ್ನು ಕೊಚ್ಚಿ ತೆರೆದಿಟ್ಟದ್ದು ಬಿಗ್ಸ್ ಜಾಸ್ಪರ್. ಕರ್ನಾಟಕಕ್ಕೂ ಈ ಕಲ್ಲು ಅಪರಿಚಿತವಲ್ಲ. ಸಂಡೂರು, ಬಾಬಾಬುಡನ್ ಗಿರಿಶ್ರೇಣಿಗಳಲ್ಲಿ ಕಬ್ಬಿಣದ ಅದಿರಿನ ಪಟ್ಟೆಗಳ ನಡುನಡುವೆ ಕೆಂಪು ಜಾಸ್ಪರಿನ ಪಟ್ಟೆಗಳು ಓಡುತ್ತವೆ. ಅವು 250 ಕೋಟಿ ವರ್ಷಗಳಿಗೂ ಹಿಂದಿನವು. ಅಲ್ಲಿ ಜನರು ಅದಿರನ್ನು ಕಂಡರು, ಕಲ್ಲನ್ನು ಕಾಣಲಿಲ್ಲ.

ಇಂತಹ ಹವ್ಯಾಸಿಗಳನ್ನು ಅಮೆರಿಕದಲ್ಲಿ ‘ರಾಕ್‌ಹೌಂಡ್’ ಎನ್ನುತ್ತಾರೆ. ವಾಸನೆ ಹಿಡಿದು ಬೇಟೆಯನ್ನು ಅರಸುವ ನಾಯಿಯಂತೆ ಕಲ್ಲಿನ ಜಾಡನ್ನು ಹಿಡಿಯುವವರು ಎಂದು ಅದರ ಭಾವ. ಹೆಸರು ಬೇಟೆಯದಾದರೂ ಕಟ್ಟಳೆಗಳಲ್ಲಿ ಸಂಯಮವಿದೆ. ಸಾರ್ವಜನಿಕ ಬಯಲುಭೂಮಿಯಲ್ಲಿ ಸ್ವಂತಕ್ಕೆಂದು, ಮಿತವಾದ ಪ್ರಮಾಣದಲ್ಲಿ, ಕೈಯುಪಕರಣಗಳಿಂದ ಕಲ್ಲನ್ನು ಆಯ್ದುಕೊಳ್ಳಬಹುದು, ಮಾರಾಟಕ್ಕಾಗಿ ಆಯುವಂತಿಲ್ಲ. ಕಲ್ಲಾಗಿ ಮಾರ್ಪಟ್ಟ ಮರದ ವಿಷಯದಲ್ಲಂತೂ ಅಂಕಿಯನ್ನೇ ಗೊತ್ತುಮಾಡಿದ್ದಾರೆ: ದಿನಕ್ಕೆ 25 ಪೌಂಡು ಮತ್ತು ಮೇಲೊಂದು ತುಂಡು, ವರ್ಷಕ್ಕೆ 250 ಪೌಂಡು ಮೀರಕೂಡದು. ಖನಿಜಾಸಕ್ತರ ಸಂಘಗಳ ರಾಷ್ಟ್ರೀಯ ಒಕ್ಕೂಟವೊಂದು 1947ರಲ್ಲಿ ಸ್ಥಾಪಿತವಾಯಿತು. ಅದರ ನೀತಿಸಂಹಿತೆಯು ಆಜ್ಞೆಯ ರೂಪದಲ್ಲಿಲ್ಲ, ಪ್ರತಿಜ್ಞೆಯ ರೂಪದಲ್ಲಿದೆ. ಒಡೆಯನ ಅನುಮತಿಯಿಲ್ಲದೆ ನೆಲವನ್ನು ಹೊಗುವುದಿಲ್ಲ, ತೋಡಿದ ಗುಂಡಿಯನ್ನು ಮುಚ್ಚುತ್ತೇನೆ, ಬಳಸಬಲ್ಲಷ್ಟನ್ನು ಮಾತ್ರ ಮನೆಗೆ ಒಯ್ಯುತ್ತೇನೆ ಎಂಬ ಮುಂತಾದ ಮಾತುಗಳನ್ನು ಸದಸ್ಯನು ತನ್ನ ಬಾಯಿಂದಲೇ ಹೇಳಿಕೊಳ್ಳಬೇಕು. ವ್ರತವನ್ನು ಗುರುಸಾಕ್ಷಿಯಾಗಿ ಸ್ವೀಕರಿಸುವ ಸಮಾಜಕ್ಕೆ ಈ ರೀತಿ ಹೊಸದೇನಲ್ಲ. ಪರಿಗ್ರಹಪರಿಮಾಣವೆಂಬ ಐದನೆಯ ಅಣುವ್ರತವು ಹೇಳುವುದೂ ಇಷ್ಟೇ: ವಸ್ತು ಕೈಗೆ ಸಿಕ್ಕುವ ಮೊದಲೇ ಮಿತಿಯನ್ನು ಹಾಕಿಕೊಂಡಿರಬೇಕು, ಸಿಕ್ಕಿದ ಮೇಲೆ ಹಾಕಿಕೊಳ್ಳುವ ಮಿತಿ ಮಿತಿಯಾಗಿ ಉಳಿಯುವುದಿಲ್ಲ.

ಉಳಿಯುವುದಿಲ್ಲ ಎಂಬುದಕ್ಕೆ ಹವ್ಯಾಸಿಗಳ ಮನೆಯಂಗಳವೇ ಸಾಕ್ಷಿ. ಕಾರು ನಿಲ್ಲಬೇಕಾದ ಕೊಠಡಿಯಲ್ಲಿ ಬಕೀಟುಗಳ ಸಾಲು, ಬೇಲಿಯ ಬುಡದಲ್ಲಿ ಕಲ್ಲಿನ ರಾಶಿ, ಮೆಟ್ಟಿಲ ಮೇಲೆ ಇನ್ನಷ್ಟು. ಒಂದು ಜನ್ಮದಲ್ಲಿ ಕೊಯ್ದು ಮುಗಿಸಲಾರದಷ್ಟನ್ನು ಕೂಡಿಟ್ಟು, ಮುಂದಿನ ರಜೆಯಲ್ಲಿ ಮತ್ತೆ ಗುಡ್ಡಕ್ಕೆ ಹೊರಡುತ್ತಾರೆ. ಕೊನೆಗೊಂದು ದಿನ ಹಿರಿಯನು ತೀರಿಕೊಂಡಾಗ ಮಕ್ಕಳಿಗೆ ಯಾವುದು ಬ್ರೂನೋ, ಯಾವುದು ಬಿಗ್ಸ್ ಎಂದು ತಿಳಿಯದು. ರಾಶಿಯನ್ನು ಪೌಂಡಿನ ಲೆಕ್ಕದಲ್ಲಿ ಮಾರುತ್ತಾರೆ. ಅದನ್ನು ಕೊಳ್ಳುವವರು ಅದೇ ಸಂಘದ ಇತರ ಸದಸ್ಯರು. ರಾಶಿ ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗುತ್ತದೆ. ನಗುವವರು ನಗಬಹುದು, ಆದರೆ ನಗುವ ಮುನ್ನ ತಮ್ಮ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡುವುದು ಲೇಸು.

ಇನ್ನು ಕೊಯ್ಯುವ ಬಗೆ. ಜಾಸ್ಪರಿನ ಕಾಠಿಣ್ಯ ಹತ್ತರ ಮಾನದಲ್ಲಿ ಆರೂವರೆಯಿಂದ ಏಳು. ಚಾಕುವಿನ ಉಕ್ಕು ಅದನ್ನು ಗೀರಲಾರದು. ಆದ್ದರಿಂದ ಅಂಚಿಗೆ ವಜ್ರದ ಪುಡಿಯನ್ನು ಕೂಡಿಸಿದ ದುಂಡನೆಯ ಗರಗಸ ಬೇಕು. ಅದಕ್ಕೆ ಹಲ್ಲುಗಳಿಲ್ಲ; ಅದು ಸೀಳುವುದಿಲ್ಲ, ಸವೆಸುತ್ತ ಹೋಗುತ್ತದೆ. ದೊಡ್ಡ ಕಲ್ಲನ್ನು ಪೆಟ್ಟಿಗೆಯೊಳಗೆ ಬಿಗಿದು, ಗರಗಸದ ಬುಡ ಎಣ್ಣೆಯಲ್ಲಿ ಮುಳುಗಿರುವಂತೆ ಮಾಡಿ, ಮುಚ್ಚಳ ಹಾಕಿ, ಸಣ್ಣ ವೇಗದಲ್ಲಿ ಕಲ್ಲನ್ನು ಅದರತ್ತ ಸರಿಯಗೊಡುತ್ತಾರೆ. ಅರ್ಧ ಅಂಗುಲಕ್ಕಿಂತ ತೆಳುವಾದ ಬಿಲ್ಲೆಗಳು ಒಂದೊಂದಾಗಿ ಬೀಳುತ್ತವೆ. ಮೊದಲ ಬಿಲ್ಲೆ ಬೀಳುವ ತನಕ ಒಳಗೆ ಏನಿದೆಯೆಂದು ಹೇಳಬಲ್ಲವರಿಲ್ಲ. ಹೊರಗೆ ಚೆಂದವಿದ್ದದ್ದು ಒಳಗೆ ಬಿರುಕಿನ ರಾಶಿಯಾಗಿರಬಹುದು. ಕುರೂಪವಾದ ಉಂಡೆಯೊಳಗೆ ಬೆಟ್ಟಸಾಲು, ಮೋಡ, ಮರಳುದಿಬ್ಬಗಳ ಚಿತ್ರವಿರಬಹುದು. ಅಂತಹುದನ್ನು ಚಿತ್ರಜಾಸ್ಪರ್ ಎನ್ನುತ್ತಾರೆ. ಕಲ್ಲಿನಲ್ಲಿ ಬೆಟ್ಟವೂ ಇಲ್ಲ, ಮೋಡವೂ ಇಲ್ಲ; ಕಬ್ಬಿಣದ ದ್ರವ್ಯವು ಹರಡಿದ ಗುರುತುಗಳಷ್ಟೇ ಇವೆ. ಆದರೂ ನುರಿತ ಹವ್ಯಾಸಿಯು ಬಿಲ್ಲೆಯನ್ನು ಅತ್ತಿತ್ತ ತಿರುಗಿಸಿ, ದಿಗಂತವು ಅಡ್ಡಲಾಗಿ ನಿಲ್ಲುವಂತೆ ನೋಡಿ, ಅಲ್ಲಿಯೇ ಗೆರೆ ಹಾಕುತ್ತಾನೆ. ಒಂದಂಗುಲ ಆಚೀಚೆಯಾದರೆ ಆ ಚಿತ್ರವಿಲ್ಲ. ಉಳಿದುದು ಚೂರು.

ಗೆರೆಯ ಗುಂಟ ಸಣ್ಣ ಗರಗಸದಿಂದ ಕತ್ತರಿಸಿ, ತುಂಡನ್ನು ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸಿ, ತಿರುಗುವ ಸಾಣೆಚಕ್ರಕ್ಕೆ ಒಡ್ಡುತ್ತಾರೆ. ಮೊದಲು ತರಿತರಿಯಾದ ಚಕ್ರ, ಆಮೇಲೆ ನುಣುಪಾದದ್ದು, ಆಮೇಲೆ ಇನ್ನೂ ನುಣುಪಾದದ್ದು: 80, 220, 600, 1200, 3000 ಎಂದು ಅಂಕಿ ಏರಿದಂತೆ ಕಣ ಕಿರಿದಾಗುತ್ತದೆ. ಪ್ರತಿಯೊಂದು ಹಂತದ ಕೆಲಸವೂ ಹಿಂದಿನ ಹಂತದ ಗೀರುಗಳನ್ನು ಅಳಿಸುವುದೇ. ಒಂದು ಹಂತವನ್ನು ಅವಸರದಲ್ಲಿ ದಾಟಿದರೆ ಆ ಗೀರು ಕೊನೆಯ ಹೊಳಪಿನಲ್ಲಿ ಎದ್ದು ನಿಂತು ಕಾಣುತ್ತದೆ; ಮತ್ತೆ ಮೊದಲಿನಿಂದ ಆರಂಭ. ಕೊನೆಯಲ್ಲಿ ಸೀರಿಯಂ ಆಕ್ಸೈಡಿನ ನಯವಾದ ಹುಡಿಯನ್ನು ನೀರಿನಲ್ಲಿ ಕಲಸಿ ಚರ್ಮದ ಅಥವಾ ಉಣ್ಣೆಯ ಚಕ್ರಕ್ಕೆ ಹಚ್ಚಿ ಉಜ್ಜುವುದು ರೂಢಿ. (ಬಟ್ಟೆಯ ಚಕ್ರದಿಂದಲೂ ಈ ಕೆಲಸ ನಡೆಯುತ್ತದೆ ಎಂಬುದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು.) ಇಷ್ಟು ತಾಳ್ಮೆ ಇಲ್ಲದವರು ಸಣ್ಣ ಕಲ್ಲುಗಳನ್ನು ನೀರು ಮತ್ತು ಸಾಣೆಪುಡಿಯೊಡನೆ ಪೀಪಾಯಿಯೊಳಗೆ ಹಾಕಿ ಹಗಲಿರುಳು ತಿರುಗಲು ಬಿಡುತ್ತಾರೆ. ವಾರಕ್ಕೊಮ್ಮೆ ಪುಡಿಯನ್ನು ಬದಲಾಯಿಸುತ್ತ, ಸುಮಾರು ತಿಂಗಳೊಪ್ಪತ್ತಿಗೆ ಹೊಳೆಕಲ್ಲಿನಂತೆ ದುಂಡಾದ, ಗಾಜಿನಂತೆ ಮಿನುಗುವ ಹರಳುಗಳನ್ನು ಹೊರತೆಗೆಯುತ್ತಾರೆ.

ಈ ಎಲ್ಲ ಹಂತಗಳಲ್ಲಿಯೂ ಎಡೆಬಿಡದೆ ಇರುವ ವಸ್ತುವೊಂದಿದೆ, ಅದು ನೀರು. ಸಾಣೆಚಕ್ರದ ಮೇಲೆ ಸಣ್ಣ ಕೊಳವೆಯಿಂದ ನೀರು ತೊಟ್ಟಿಕ್ಕುತ್ತಲೇ ಇರಬೇಕು. ಕಲ್ಲು ಕಾಯದಿರಲಿ, ವಜ್ರದ ಲೇಪ ಬೇಗನೆ ಸವೆಯದಿರಲಿ ಎಂಬುದು ಒಂದು ಕಾರಣ. ಮುಖ್ಯ ಕಾರಣ ಬೇರೆ. ಹವ್ಯಾಸಿಗಳ ಸಂಘಕ್ಕೆ ಸೇರಿದ ಹೊಸಬನಿಗೆ ಮೊಟ್ಟಮೊದಲು ಕಲಿಸುವ ಪಾಠವೇ ಅದು: ಒಣಗಲ್ಲನ್ನು ಎಂದೂ ಅರೆಯಬಾರದು. ಕೆಸರು ಒಣಗುವ ಮೊದಲೇ ಒರೆಸಿ ತೆಗೆಯಬೇಕು, ಪೊರಕೆಯಿಂದ ಗುಡಿಸಬಾರದು. ಮೂಗುಬಾಯಿಗೆ ಸರಿಯಾದ ಸೋಸುಮುಖವಾಡ ಧರಿಸಬೇಕು. ಕೆಲಸದ ಉಡುಪನ್ನು ಮನೆಯವರ ಬಟ್ಟೆಯೊಡನೆ ಒಗೆಯಬಾರದು.

ಇಷ್ಟೊಂದು ಎಚ್ಚರಿಕೆಗೆ ಕಾರಣ ಸಿಲಿಕಾ. ಅರೆಯುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳು ಮೂಗಿನಲ್ಲಿಯೇ ತಡೆದು ನಿಲ್ಲುತ್ತವೆ. ಅಪಾಯವಿರುವುದು ಕಾಣದ ಕಣಗಳಲ್ಲಿ. ಒಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ಸಣ್ಣವು ಶ್ವಾಸಕೋಶದ ತುತ್ತತುದಿಯ ಗಾಳಿಗೂಡುಗಳನ್ನು ಮುಟ್ಟುತ್ತವೆ. ಅವನ್ನು ನುಂಗಲು ಬಂದ ರಕ್ಷಕಕೋಶಗಳು ತಾವೇ ಸಾಯುತ್ತವೆ. ಸತ್ತೆಡೆಯಲ್ಲಿ ಗಾಯದ ಕಲೆಯಂತಹ ಗಡುಸು ನಾರು ಬೆಳೆಯುತ್ತದೆ. ಕೆಲಸ ಬಿಟ್ಟ ಮೇಲೂ ಆ ಬೆಳವಣಿಗೆ ನಿಲ್ಲದಿರಬಹುದು. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಗುಣಪಡಿಸುವ ಔಷಧವಿಲ್ಲ, ಕ್ಷಯರೋಗವು ಇಂತಹ ಶ್ವಾಸಕೋಶವನ್ನು ಸುಲಭವಾಗಿ ಹಿಡಿಯುತ್ತದೆ. ಉಸಿರಾಡುವ ಸಿಲಿಕಾ ಧೂಳು ಕ್ಯಾನ್ಸರ್ ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1997ರಲ್ಲಿ ನಿರ್ಣಯಿಸಿತು. ಅಮೆರಿಕ ಸರ್ಕಾರವು 2016ರಲ್ಲಿ ಹೊಸ ನಿಯಮವನ್ನು ತಂದು, ಕೆಲಸದ ಎಂಟು ಗಂಟೆಗಳ ಸರಾಸರಿಯಲ್ಲಿ ಒಂದು ಘನಮೀಟರು ಗಾಳಿಗೆ 50 ಮೈಕ್ರೋಗ್ರಾಂ ಸಿಲಿಕಾ ಧೂಳು ಮಾತ್ರ ಇರಬಹುದೆಂದು ವಿಧಿಸಿತು. ಜಾಸ್ಪರ್, ಅಗೇಟುಗಳಾದರೋ ಬಹುಪಾಲು ಸಿಲಿಕಾವೇ. ಹವ್ಯಾಸಿಯು ನೀರನ್ನು ಮರೆಯದಿರುವುದು ಧರ್ಮಬುದ್ಧಿಯಿಂದಲ್ಲ, ಉಸಿರಾಡುವ ಶ್ವಾಸಕೋಶ ಅವನದೇ ಆದುದರಿಂದ. ಕಲ್ಲನ್ನು ಆಯುವವನೂ ಅವನೇ, ಅರೆಯುವವನೂ ಅವನೇ, ಕೊನೆಗೆ ಉಂಗುರದಲ್ಲಿ ಕೂರಿಸಿ ತೊಡುವವನೂ ಅವನೇ. ಧೂಳು ಬೇರೊಬ್ಬರ ಪಾಲಿಗೆ ಹೋಗುವ ದಾರಿ ಅಲ್ಲಿಲ್ಲ.

ಅಂತಹ ದಾರಿ ಇರುವ ಕಡೆ ಏನಾಗುತ್ತದೆಂಬುದನ್ನು ತಿಳಿಯಲು ಗುಜರಾತಿನ ಖಂಭಾತಕ್ಕೆ ಬರಬೇಕು. ಇದು ದೂರದ ಸಂಬಂಧವಲ್ಲ. ಖಂಭಾತದಲ್ಲಿ ಸಾಣೆ ಹಿಡಿದ ಅಗೇಟು, ಜಾಸ್ಪರುಗಳ ಮಣಿ, ಹರಳುಗಳು ಶತಮಾನಗಳಿಂದ ಹೊರದೇಶಗಳಿಗೆ ಹೋಗುತ್ತಿವೆ. ಅಮೆರಿಕದ ಕಲ್ಲಂಗಡಿಗಳಲ್ಲಿಯೂ ಭಾರತದ ಕಲ್ಲುಗಳು ಮಾರಾಟಕ್ಕಿರುತ್ತವೆ. ಈ ಕಸುಬು ಅಲ್ಲಿ ಎಷ್ಟು ಹಳೆಯದೆಂದರೆ, ಆ ಸೀಮೆಯ ಲೋಥಲ್‌ನಲ್ಲಿ 1955ರಿಂದ ಉತ್ಖನನ ನಡೆಸಿದ ಪುರಾತತ್ತ್ವಜ್ಞ ಎಸ್. ಆರ್. ರಾವ್ ಅವರಿಗೆ ನಾಲ್ಕು ಸಾವಿರ ವರ್ಷಗಳ ಹಿಂದಿನ ಮಣಿಗಾರರ ಕಾರ್ಯಶಾಲೆಯೇ ದೊರಕಿತು. ರಾಯರು ಕನ್ನಡನಾಡಿನವರು, ಶಿವಮೊಗ್ಗ ಜಿಲ್ಲೆಯವರು ಎಂಬುದು ಹೆಮ್ಮೆಯ ವಿಷಯ.

ಖಂಭಾತಕ್ಕೆ ಕಲ್ಲು ಬರುವುದು ಭರೂಚ್ ಜಿಲ್ಲೆಯ ರತನಪುರದ ಸುತ್ತಿನಿಂದ. ದಖ್ಖನಿನ ಲಾವಾಶಿಲೆಗಳ ಗೂಡುಗಳಲ್ಲಿ ಹುಟ್ಟಿ, ಅಲ್ಲಿಂದ ಕಳಚಿ ಹಳೆಯ ಜಲ್ಲಿಯ ಪದರಗಳಲ್ಲಿ ಸೇರಿಕೊಂಡ ಉಂಡೆಗಳು ಅವು. ಅವನ್ನು ತಿಂಗಳುಗಟ್ಟಲೆ ಬಿಸಿಲಿಗೆ ಹರವುತ್ತಾರೆ. ಬಳಿಕ ಮಡಕೆಗಳಲ್ಲಿ ತುಂಬಿ ಕುರುಳಿನ ನಿಧಾನವಾದ ಬೆಂಕಿಯಲ್ಲಿ ಬೇಯಿಸುತ್ತಾರೆ. ಹಳದಿಯ ಕಬ್ಬಿಣದ್ರವ್ಯದಲ್ಲಿದ್ದ ನೀರಿನಂಶ ಹೋಗಿ ಕಲ್ಲು ಕೆಂಪೇರುತ್ತದೆ. ಆಮೇಲೆ ನೆಲಕ್ಕೆ ನೆಟ್ಟ ಕಬ್ಬಿಣದ ಮೊಳೆಗೆ ಕಲ್ಲನ್ನು ಒತ್ತಿ ಹಿಡಿದು, ಎಮ್ಮೆಕೊಂಬಿನ ತಲೆಯುಳ್ಳ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಚೆಕ್ಕೆ ಎಬ್ಬಿಸುತ್ತಾರೆ. ಹೊಡೆತ ಒಂದು ಕಡೆ, ಚೆಕ್ಕೆ ಏಳುವುದು ಇನ್ನೊಂದು ಕಡೆ. ಆ ಕೈಚಳಕವನ್ನು ನೋಡಿ ಹರಪ್ಪದ ಮಣಿಗಳ ರಹಸ್ಯವನ್ನು ಅರಿಯಲು ವಿದೇಶದ ವಿದ್ವಾಂಸರು ಅಲ್ಲಿ ಬಂದು ಕುಳಿತದ್ದುಂಟು. ರಂಧ್ರ ಕೊರೆಯುವುದು ವಜ್ರದ ಮೊನೆಯ ಬೈರಿಗೆಯಿಂದ. ಹೊಳಪು ಕೊಡುವುದು ಅಲ್ಲಿಯೂ ನೀರು ತುಂಬಿದ ಪೀಪಾಯಿಗಳಲ್ಲಿ.

ಈ ಎರಡರ ನಡುವಣ ಹಂತವೇ ಕಷ್ಟದ್ದು. ಚೆಕ್ಕೆ ಎಬ್ಬಿಸಿದ ಒರಟು ಮಣಿಯನ್ನು ದುಂಡಗೆ ಅರೆಯಬೇಕು. ವಿದ್ಯುತ್ ಮೋಟಾರು ಬಂದ ಮೇಲೆ ಸಾಣೆಚಕ್ರದ ವೇಗ ಹೆಚ್ಚಿತು, ವೇಗದೊಡನೆ ಧೂಳೂ ಹೆಚ್ಚಿತು. ಕೆಲಸ ನಡೆಯುವುದು ಬಹುತೇಕ ಮನೆಗಳಲ್ಲಿ, ಮನೆಗೆ ತಗುಲಿದ ಮಾಡಿನಲ್ಲಿ. ಕೂಲಿ ತುಂಡಿಗಿಷ್ಟು ಎಂದು. ಒಣದಾಗಿ ಅರೆದರೆ ಆಕಾರ ಕಣ್ಣಿಗೆ ಕಾಣುತ್ತದೆ, ಕೈ ಬೇಗ ಸಾಗುತ್ತದೆ. ಬೇಗ ಸಾಗಿದರೆ ಸಂಜೆಗೆ ನಾಲ್ಕು ಕಾಸು ಹೆಚ್ಚು. ಬಾಯಿಗೆ ಕಟ್ಟಿಕೊಂಡದ್ದು ಬಟ್ಟೆಯ ತುಂಡು. ವಾಯುಕಾಯದ ಜೀವಗಳಿಗೆ ಘಾತವಾಗದಿರಲೆಂದು ಬಾಯಿಗೆ ಬಟ್ಟೆ ಕಟ್ಟುವ ಪರಂಪರೆಯುಳ್ಳ ನಾಡಿನಲ್ಲಿ, ಅಂತಹುದೇ ಬಟ್ಟೆಯು ಅರೆಯುವವನ ಪ್ರಾಣವನ್ನು ಕಾಯಲಾರದಾಯಿತು. ಸಿಲಿಕಾದ ಕಣ ಅದರ ನೂಲಿನೆಡೆಗಿಂತ ಚಿಕ್ಕದು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಖಂಭಾತದ ಅಗೇಟು ಕೆಲಸಗಾರರನ್ನು ದಶಕಗಳ ಹಿಂದೆಯೇ ಪರೀಕ್ಷಿಸಿ, ಅವರಲ್ಲಿ ಸಿಲಿಕೋಸಿಸ್ ಮತ್ತು ಕ್ಷಯ ಹರಡಿರುವುದನ್ನು ದಾಖಲಿಸಿತು. ಸಾಣೆಯ ಬಳಿಯೇ ಧೂಳನ್ನು ಹೀರಿಕೊಳ್ಳುವ ಸಾಧನವನ್ನೂ ರೂಪಿಸಿತು. ಧೂಳು ಅರೆಯುವವನನ್ನಷ್ಟೇ ಹಿಡಿಯುವುದಿಲ್ಲ. ಅದೇ ಮಾಡಿನಲ್ಲಿ ಅಡುಗೆ ಮಾಡುವ ಹೆಂಡತಿ, ಆಡುವ ಮಗು, ಪಕ್ಕದ ಮನೆಯ ಮುದುಕ, ಎಲ್ಲರೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. 1948ರ ಕಾರ್ಖಾನೆ ಕಾಯಿದೆಯು ಜಾರಿಯಲ್ಲಿದ್ದ ಕಾಲದುದ್ದಕ್ಕೂ ಅದು ವಿದ್ಯುತ್ ಬಳಸಿ ಹತ್ತು ಜನರಾದರೂ ದುಡಿಯುವ ಸ್ಥಳವನ್ನು ಕಾರ್ಖಾನೆಯೆಂದು ಎಣಿಸುತ್ತಿತ್ತು. ಗಂಡ ಹೆಂಡತಿ ಕೂಡಿ ದುಡಿಯುವ ಮನೆ ಆ ಎಣಿಕೆಗೆ ಬರಲಿಲ್ಲ.

ಖಂಭಾತವು ಜೈನರಿಗೆ ಬರಿಯ ಊರಲ್ಲ. ಅದರ ಪ್ರಾಚೀನ ನಾಮ ಸ್ತಂಭತೀರ್ಥ. ಸ್ತಂಭನ ಪಾರ್ಶ್ವನಾಥನ ಮಂದಿರ ಅಲ್ಲಿದೆ. ಅಲ್ಲಿಯ ಶಾಂತಿನಾಥ ಭಂಡಾರದ ತಾಳೆಗರಿಗಳು ವಿದ್ವತ್ ಲೋಕಕ್ಕೆ ಸುಪರಿಚಿತ. ಕಲಿಕಾಲಸರ್ವಜ್ಞರೆನಿಸಿದ ಹೇಮಚಂದ್ರಾಚಾರ್ಯರು ಬಾಲ್ಯದಲ್ಲಿ ದೀಕ್ಷೆ ಪಡೆದದ್ದು ಅದೇ ಊರಿನಲ್ಲಿ. ಅವರು ಮುಂದೆ ಯೋಗಶಾಸ್ತ್ರದ ಮೂರನೆಯ ಪ್ರಕಾಶದಲ್ಲಿ ಶ್ರಾವಕನು ತ್ಯಜಿಸಬೇಕಾದ ಹದಿನೈದು ಕರ್ಮಾದಾನಗಳನ್ನು ಹೇಳುವಾಗ ಸ್ಫೋಟಕ ಜೀವಿಕೆಯನ್ನೂ ಎಣಿಸಿದರು. ಕೆರೆ ಬಾವಿಗಳನ್ನು ಅಗೆಯುವುದು, ಬಂಡೆಯನ್ನು ಕುಟ್ಟುವುದು ಮೊದಲಾದ ಪೃಥ್ವಿಯ ಆರಂಭದಿಂದ ಬದುಕುವುದು ಅದರ ಲಕ್ಷಣ. ಹೀಗಾಗಿ ಶ್ರಾವಕನು ಕಲ್ಲು ಒಡೆಯುವ ಕಸುಬಿಗೆ ಇಳಿಯಲಿಲ್ಲ. ಆದರೆ ಒಡೆದ ಕಲ್ಲಿನ ವ್ಯಾಪಾರ, ಅದರ ಮಣಿಮಾಲೆಯ ಧಾರಣೆ? ದಿಗಂಬರ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ಹದಿನೈದರ ಪಟ್ಟಿಯನ್ನು ಪರಮತವೆಂಬಂತೆ ಉಲ್ಲೇಖಿಸಿ, ಲೋಕದಲ್ಲಿ ಸಾವದ್ಯಕರ್ಮಗಳು ಎಣಿಕೆಗೆ ಮೀರಿರುವುದರಿಂದ ಇಂತಹ ಎಣಿಕೆ ಸಮಂಜಸವಲ್ಲವೆಂದು ಟೀಕಿಸುತ್ತಾರೆ. ಪಂಡಿತರ ಆ ಒಂದು ಮಾತು ಇಲ್ಲಿ ಬಹಳ ದೂರ ಹೋಗುತ್ತದೆ. ಪಟ್ಟಿಯಲ್ಲಿರುವುದನ್ನು ಬಿಟ್ಟೆನೆಂಬ ಸಮಾಧಾನವು ಪಟ್ಟಿಯಲ್ಲಿಲ್ಲದುದರ ಮೇಲಿನ ಕಣ್ಣನ್ನು ಮುಚ್ಚಿಸಬಲ್ಲದು.

ಶಾಸ್ತ್ರಜ್ಞರಾದ ಕೆಲವರು ಇಲ್ಲಿ ಬೇರೊಂದು ಪ್ರಶ್ನೆಯನ್ನು ಎತ್ತಬಹುದು. ಮೂಲಾಚಾರದಲ್ಲಿ ಪೃಥ್ವೀಕಾಯದ ಮೂವತ್ತಾರು ಭೇದಗಳನ್ನು ಹೇಳುವಾಗ ಮಣ್ಣು, ಮರಳು, ಶಿಲೆಗಳ ಜೊತೆಗೆ ಸ್ಫಟಿಕಾದಿ ರತ್ನಗಳ ಹೆಸರೂ ಬಂದಿದೆ. ಆದ್ದರಿಂದ ನೆಲದಿಂದ ಕಲ್ಲನ್ನು ಕೀಳುವುದೇ ಏಕೇಂದ್ರಿಯ ಜೀವಘಾತ, ಒವೈಹೀಯ ಹವ್ಯಾಸಿಯೂ ಅದರಿಂದ ಹೊರತಲ್ಲ ಎಂದು. ಮಾತು ಸರಿಯೇ. ಗೃಹಸ್ಥನಿಗೆ ಸ್ಥಾವರಹಿಂಸೆಯು ಸಂಪೂರ್ಣವಾಗಿ ತಪ್ಪಿದ್ದಲ್ಲ, ಪ್ರಯೋಜನವಿಲ್ಲದೆ ಮಾಡಿದರೆ ಅನರ್ಥದಂಡ ಎಂಬ ವಿವೇಕವನ್ನೂ ಶಾಸ್ತ್ರವೇ ಕೊಟ್ಟಿದೆ. ಆದರೆ ಏಕೇಂದ್ರಿಯದ ಚರ್ಚೆಯಲ್ಲಿ ಮುಳುಗಿ, ಚಕ್ರದ ಮುಂದೆ ಕೆಮ್ಮುತ್ತ ಕುಳಿತ ಪಂಚೇಂದ್ರಿಯವನ್ನು ಮರೆತರೆ ಆ ಚರ್ಚೆ ಯಾರಿಗೆ ಬೇಕು?

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಜೀವಾಧಿಕರಣವನ್ನು 108 ಬಗೆಯಾಗಿ ವಿಂಗಡಿಸಿದೆ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು. ಮನ, ವಚನ, ಕಾಯಗಳೆಂಬ ಮೂರು. ಕೃತ, ಕಾರಿತ, ಅನುಮತಗಳೆಂಬ ಮೂರು. ಕ್ರೋಧಾದಿ ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108. ಜಪಮಾಲೆಯಲ್ಲಿ 108 ಮಣಿಗಳಿರುವುದಕ್ಕೆ ಜೈನ ಪರಂಪರೆಯು ಕೊಡುವ ಒಂದು ಕಾರಣ ಇದೇ. ಒಂದೊಂದು ಮಣಿಯನ್ನು ಸರಿಸುತ್ತ ಆ ಒಂದೊಂದು ದ್ವಾರವನ್ನು ಮುಚ್ಚಿಕೊಳ್ಳಬೇಕೆಂಬ ಭಾವನೆ. ಈ ಲೆಕ್ಕದಲ್ಲಿ ತಾನೇ ಮಾಡಿದ್ದರ ಪಾಲು ಮೂರರಲ್ಲಿ ಒಂದು, ಎಂದರೆ 36 ಮಣಿಗಳು ಮಾತ್ರ. ಮಾಡಿಸಿದ್ದು ಮತ್ತು ಒಪ್ಪಿದ್ದು ಸೇರಿ 72. ಅಕೀಕಿನ ಮಾಲೆಯನ್ನು ಕೈಯಲ್ಲಿ ಹಿಡಿದವರ ಬೆರಳ ತುದಿಯಲ್ಲಿಯೇ ಈ ಲೆಕ್ಕವಿದೆ. ಆ ಮಣಿಗಳಲ್ಲಿ ಪ್ರತಿಯೊಂದೂ ಯಾರದೋ ಚಕ್ರಕ್ಕೆ ತಗುಲಿ ದುಂಡಾದದ್ದು.

ಹಾಗಾದರೆ ಕಲ್ಲಿನ ಮಾಲೆಯನ್ನು ಕೊಳ್ಳುವುದನ್ನೇ ಬಿಟ್ಟುಬಿಡೋಣ ಎನ್ನುವುದು ಸುಲಭವಾದ ಉತ್ತರ. ಸುಲಭವಾದುದರಿಂದಲೇ ಅದನ್ನು ಸಂದೇಹದಿಂದ ನೋಡಬೇಕು. ಮಾಲೆಯನ್ನು ಕೊಳ್ಳದಿದ್ದರೆ ಕೊಳ್ಳುವವರ ಮನಸ್ಸು ಹಗುರವಾದೀತು. ಖಂಭಾತದ ಮನೆಯಲ್ಲಿ ಒಲೆ ಆರೀತು. ಆ ಕುಟುಂಬಕ್ಕೆ ಬೇರೆ ಕಸುಬು ಗೊತ್ತಿಲ್ಲ, ಈಗಾಗಲೇ ಶ್ವಾಸಕೋಶ ಕೆಟ್ಟವನಿಗೆ ಬೇರೆ ಕೂಲಿ ಸಿಗುವುದೂ ಇಲ್ಲ. ಅರೆಯುವ ಕೆಲಸವನ್ನು ನಿಲ್ಲಿಸಬೇಕಾಗಿಲ್ಲ. ಚಕ್ರಕ್ಕೆ ನೀರು ಬೇಕು, ಧೂಳು ಹೀರುವ ಕೊಳವೆ ಬೇಕು, ಚಕ್ರವನ್ನು ಅಡುಗೆಮನೆಯಿಂದ ದೂರವಿಡುವಷ್ಟು ಜಾಗ ಬೇಕು, ನಿಧಾನವಾದ ಕೈಗೂ ಹೊಟ್ಟೆ ತುಂಬುವಷ್ಟು ಕೂಲಿ ಬೇಕು. ಆರೆಗಾನಿನ ಕೊಠಡಿಯಲ್ಲಿ ಹವ್ಯಾಸಿಯೊಬ್ಬ ತನ್ನ ವಿನೋದಕ್ಕಾಗಿ ಮಾಡಿಕೊಂಡಿರುವ ಏರ್ಪಾಟಿಗಿಂತ ಇದು ದೊಡ್ಡದೇನಲ್ಲ. ಇದರ ವೆಚ್ಚ ಮಾಲೆಯ ಬೆಲೆಯಲ್ಲಿ ಸೇರಬೇಕು. ಹಾಗೆ ಸೇರದಿರುವ ತನಕ ಅಗ್ಗದ ಮಾಲೆ ಅಗ್ಗವೆಂದು ಹೇಳಲಾಗದು. ಉಳಿದ ಬೆಲೆಯನ್ನು ಬೇರೊಬ್ಬರು ತೆತ್ತಿರುತ್ತಾರೆ.

ಬಸದಿಗಳ ವಿಶ್ವಸ್ತಮಂಡಲಿಗಳಿಗೆ ಸಂಬಂಧಿಸಿದ ಮಾತೊಂದನ್ನು ಇಲ್ಲಿಯೇ ಹೇಳಿ ಮುಗಿಸಬಹುದು. ಮಂಡಲಿಗಳು ಮಾಲೆಗಿಂತ ದೊಡ್ಡ ಕಲ್ಲನ್ನು ಕೊಳ್ಳುತ್ತವೆ. ಜೀರ್ಣೋದ್ಧಾರ, ಮಾನಸ್ತಂಭ, ನೆಲಹಾಸು, ಕೆತ್ತನೆಯ ಕಂಬಗಳು ಇವೆಲ್ಲ ಕಲ್ಲಿನ ಕೆಲಸಗಳೇ. ಅಮೃತಶಿಲೆಯಲ್ಲಿ ಸಿಲಿಕಾ ಅತ್ಯಲ್ಪ. ಮರಳುಗಲ್ಲಿನಲ್ಲಿ ಅಪಾರ, ಗ್ರಾನೈಟಿನಲ್ಲಿಯೂ ಗಣನೀಯ. ಉಳಿಯ ಜಾಗಕ್ಕೆ ಕೈಯಲ್ಲಿ ಹಿಡಿಯುವ ವಿದ್ಯುತ್ ಚಕ್ರ ಬಂದ ಮೇಲೆ ಶಿಲ್ಪಿಗಳ ಸುತ್ತ ಬಿಳಿಯ ಮಂಜಿನಂತೆ ಧೂಳು ಏಳುತ್ತದೆ. ದೇಶದ ನಾನಾ ದೇವಾಲಯಗಳಿಗೆ ಕೆತ್ತನೆಯ ಕಲ್ಲನ್ನು ಒದಗಿಸುವ ರಾಜಸ್ಥಾನದ ಸಿರೋಹಿ ಜಿಲ್ಲೆಯ ಪಿಂಡ್ವಾಡಾ ಸೀಮೆಯಲ್ಲಿ ಈ ರೋಗಕ್ಕೆ ತುತ್ತಾದ ಶಿಲ್ಪಿಗಳ ವಿಷಯ ಮತ್ತೆ ಮತ್ತೆ ಬೆಳಕಿಗೆ ಬಂದಿದೆ. ರಾಜಸ್ಥಾನ ಸರ್ಕಾರವು 2019ರಲ್ಲಿ ಸಿಲಿಕೋಸಿಸ್ ಮತ್ತು ಅಂತಹ ಧೂಳಿನ ರೋಗಗಳಿಗೆಂದೇ ಪ್ರತ್ಯೇಕ ನೀತಿಯನ್ನು ಹೊರಡಿಸಿತು. ಕರಾರುಪತ್ರದಲ್ಲಿ ಕಲ್ಲಿನ ಬಣ್ಣ, ಅಳತೆ, ಮುಗಿಸಬೇಕಾದ ತಿಥಿ, ತಡವಾದರೆ ತೆರಬೇಕಾದ ದಂಡ ಎಲ್ಲವನ್ನೂ ಬರೆಯಲಾಗುತ್ತದೆ. ಕಲ್ಲನ್ನು ನೀರಿನೊಡನೆ ಕೊಯ್ಯಬೇಕು, ಧೂಳು ಹೀರುವ ಯಂತ್ರವಿರಬೇಕು, ಅದರ ವೆಚ್ಚವನ್ನು ಮಂಡಲಿಯು ಭರಿಸುತ್ತದೆ ಎಂದು ಇನ್ನೊಂದು ಸಾಲನ್ನು ಸೇರಿಸಲು ಶಾಸ್ತ್ರದ ಅಡ್ಡಿ ಯಾವುದೂ ಇಲ್ಲ. ಪಂಚಕಲ್ಯಾಣದ ಮುಹೂರ್ತ ಹತ್ತಿರವಾಯಿತೆಂದು ಶಿಲ್ಪಿಯನ್ನು ಅವಸರಪಡಿಸುವಾಗ ಮೊದಲು ನಿಲ್ಲುವುದು ನೀರು ಎಂಬುದನ್ನು ಅನುಭವಿಗಳು ಬಲ್ಲರು.

ಯಾವುದಾದರೊಂದು ತೀರ್ಥಕ್ಷೇತ್ರದ ಅಂಗಡಿಸಾಲಿನಲ್ಲಿ ಕೆಂಪು ಕಲ್ಲಿನ ಮಾಲೆಯನ್ನು ಎತ್ತಿಕೊಂಡ ಶ್ರಾವಿಕೆಯು ಸಾಮಾನ್ಯವಾಗಿ ಮೂರು ಮಾತುಗಳನ್ನು ಕೇಳುತ್ತಾಳೆ: ಬೆಲೆ ಎಷ್ಟು, ಕಲ್ಲು ಅಸಲೋ ಗಾಜೋ, ಮಣಿಗಳು 108 ಇವೆಯೋ. ಮೂರಕ್ಕೂ ಅಂಗಡಿಯವನ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ನೀರು ಹಾಕಿ ಅರೆದದ್ದೋ, ಒಣದಾಗಿ ಅರೆದದ್ದೋ ಎಂದು ಆಕೆ ನಾಲ್ಕನೆಯದನ್ನು ಕೇಳಿದರೆ ಅವನು ಮಾಲೆಯನ್ನೊಮ್ಮೆ, ಆಕೆಯ ಮುಖವನ್ನೊಮ್ಮೆ ನೋಡುತ್ತಾನೆ. ‘ಅದನ್ನು ಯಾರೂ ಕೇಳಿದ್ದಿಲ್ಲಮ್ಮಾ’ ಎನ್ನುತ್ತಾನೆ. ಅದು ಸುಳ್ಳಲ್ಲ. ಅದಕ್ಕೆ ಉತ್ತರ ಬೇಕಾದರೆ ಅವನು ಸಗಟು ವ್ಯಾಪಾರಿಯನ್ನು ಕೇಳಬೇಕು, ಸಗಟು ವ್ಯಾಪಾರಿಯು ಖಂಭಾತದ ದಲ್ಲಾಳಿಯನ್ನು ಕೇಳಬೇಕು, ದಲ್ಲಾಳಿಯು ಓಣಿಯೊಳಕ್ಕೆ ನಡೆದುಹೋಗಿ ಚಕ್ರದ ಸದ್ದು ಕೇಳುವ ಮನೆಯ ಬಾಗಿಲಲ್ಲಿ ನಿಲ್ಲಬೇಕು.